ಸ್ಪ್ರಿಂಗ್–ದಿಮ್ಮಿ ವ್ಯವಸ್ಥೆ: ಕೆಲಸ ಮತ್ತು ಪಲ್ಲಟದ ಲೆಕ್ಕ

ಸ್ಪ್ರಿಂಗ್–ದಿಮ್ಮಿ ವ್ಯವಸ್ಥೆ ಎಂಬುದು ಒಂದು ಸ್ಥಿತಿಸ್ಥಾಪಕ ಸ್ಪ್ರಿಂಗು ಮತ್ತು ಅದರ ತುದಿಗೆ ಜೋಡಿಸಿದ ಒಂದು ಗಟ್ಟಿ ಕಾಯ ಇವೆರಡರಿಂದ ಆದ ಯಾಂತ್ರಿಕ ವ್ಯವಸ್ಥೆ. ಸ್ಪ್ರಿಂಗಿನ ಮತ್ತೊಂದು ತುದಿಯನ್ನು ಗೋಡೆಗೆ, ಚಾವಣಿಗೆ ಅಥವಾ ಇನ್ನೊಂದು ಕಾಯಕ್ಕೆ ಬಿಗಿದಿರುತ್ತದೆ. ಸ್ಥಾನ ಬದಲಾದಂತೆ ತಾನೂ ಬದಲಾಗುವ ಬಲವೊಂದು ಮಾಡುವ ಕೆಲಸವನ್ನು ಎಣಿಸುವುದಕ್ಕೆ ಇದು ಬಲವಿಜ್ಞಾನದಲ್ಲಿ ಸಿಗುವ ಅತ್ಯಂತ ಸರಳ ಉದಾಹರಣೆಯಾದ್ದರಿಂದ, ಕೆಲಸ, ಶಕ್ತಿ ಮತ್ತು ಆಂದೋಲನಗಳ ಅಧ್ಯಯನ ಬಹುಮಟ್ಟಿಗೆ ಇಲ್ಲಿಂದಲೇ ಮುಂದುವರಿಯುತ್ತದೆ. ಲೆಕ್ಕಕ್ಕೆ ತೊಡಗುವ ಮೊದಲು ಮೂರು ಸಂಗತಿಗಳು ನಿಶ್ಚಯವಾಗಿರಬೇಕು: ಕೇಳಿರುವುದು ಯಾವ ಬಲದ ಕೆಲಸ, ಪಲ್ಲಟವನ್ನು ಎಲ್ಲಿಂದ ಅಳೆಯಲಾಗಿದೆ, ಕೊನೆಯ ಬಿಂದುವಿನಲ್ಲಿ ದಿಮ್ಮಿ ನಿಂತಿದೆಯೇ ಅಥವಾ ಅದನ್ನು ಹಾದುಹೋಗುತ್ತಿದೆಯೇ. ಇವುಗಳಲ್ಲಿ ಒಂದು ಅಸ್ಪಷ್ಟವಾಗಿದ್ದರೂ ಉತ್ತರ ಎರಡು ಪಟ್ಟಾಗುವುದು ಅಥವಾ ಅರ್ಧಕ್ಕಿಳಿಯುವುದು ಸಾಮಾನ್ಯ.

ಮೂಲ ಮತ್ತು ಇತಿಹಾಸ

ಸ್ಪ್ರಿಂಗಿನ ಬಲಕ್ಕೂ ಅದರ ಹಿಗ್ಗುವಿಕೆಗೂ ಇರುವ ಸಂಬಂಧವನ್ನು ನಿಯಮವಾಗಿ ಹೇಳಿದವನು ಇಂಗ್ಲೆಂಡಿನ ರಾಬರ್ಟ್ ಹುಕ್ (1635–1703). ತನ್ನ ಶೋಧವನ್ನು ಬೇರೆಯವರು ತಮ್ಮದೆನ್ನದಿರಲೆಂದು ಅವನು 1676ರಲ್ಲಿ ಅದನ್ನು ಅಕ್ಷರಗಳನ್ನು ಅಕಾರಾದಿಯಾಗಿ ಕಲಸಿದ ಒಂದು ಲ್ಯಾಟಿನ್ ಒಗಟಾಗಿ ಪ್ರಕಟಿಸಿದನು. ಒಗಟನ್ನು ಬಿಡಿಸಿ, ಹಿಗ್ಗುವಿಕೆ ಎಷ್ಟೋ ಬಲವೂ ಅಷ್ಟೇ ಎಂಬ ಅರ್ಥವನ್ನು ತಿಳಿಸಿದ್ದು 1678ರಲ್ಲಿ. ಸುರುಳಿ ಸ್ಪ್ರಿಂಗು, ಗಡಿಯಾರದ ಸ್ಪ್ರಿಂಗು ಮತ್ತು ಉದ್ದನೆಯ ತಂತಿಗಳಿಗೆ ತೂಕಗಳನ್ನು ಕಟ್ಟಿ, ತೂಕ ಹೆಚ್ಚಿದಂತೆ ಅವು ಎಷ್ಟೆಷ್ಟು ಹಿಗ್ಗುತ್ತವೆಂದು ಅಳೆದು ಈ ನಿಯಮವನ್ನು ಅವನು ಸ್ಥಾಪಿಸಿದನು. ಇದೇ ಕಾಲದಲ್ಲಿ, 1675ರಲ್ಲಿ, ಹಾಲೆಂಡಿನ ಕ್ರಿಶ್ಚಿಯಾನ್ ಹೈಗೆನ್ಸ್ ಗಡಿಯಾರದ ಸಮತೋಲನ ಚಕ್ರಕ್ಕೆ ಸುರುಳಿ ಸ್ಪ್ರಿಂಗನ್ನು ಅಳವಡಿಸಿದ್ದು, ಆ ಶೋಧ ಮೊದಲು ಯಾರದೆಂಬ ವಿವಾದ ಅವನಿಗೂ ಹುಕ್‌ಗೂ ನಡುವೆ ಎದ್ದಿತು.

ಬಲದ ನಿಯಮ ಹೀಗೆ ಹದಿನೇಳನೆಯ ಶತಮಾನದಲ್ಲೇ ಸಿದ್ಧವಾಗಿದ್ದರೂ, ಕೆಲಸ ಎಂಬ ಪರಿಮಾಣ ಸ್ಪಷ್ಟ ರೂಪ ಪಡೆಯಲು ಸುಮಾರು ನೂರೈವತ್ತು ವರ್ಷ ಹಿಡಿಯಿತು. ಚಲಿಸುವ ಕಾಯದ ಸಾಮರ್ಥ್ಯವನ್ನು ವೇಗದಿಂದ ಅಳೆಯಬೇಕೋ ವೇಗದ ವರ್ಗದಿಂದ ಅಳೆಯಬೇಕೋ ಎಂಬ ಪ್ರಶ್ನೆಯನ್ನು 1686ರಲ್ಲಿ ಲೈಬ್ನಿಟ್ಸ್ ಎತ್ತಿದ ಮೇಲೆ ಯೂರೋಪಿನ ವಿದ್ವಾಂಸರು ದೀರ್ಘಕಾಲ ಚರ್ಚಿಸಿದರು. ಹಾಲೆಂಡಿನ ವಿಲ್ಲೆಮ್ ಗ್ರಾವೆಸಾಂಡೆ 1720ರ ದಶಕದಲ್ಲಿ ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ, ಉಂಟಾಗುವ ಗುಳಿ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದನ್ನು ತೋರಿಸಿದನು. ಫ್ರಾನ್ಸಿನ ಗಸ್ಪಾರ್ ಕೊರಿಯೊಲಿ 1829ರಲ್ಲಿ ಯಂತ್ರಗಳ ಲೆಕ್ಕವನ್ನು ಕುರಿತ ತನ್ನ ಗ್ರಂಥದಲ್ಲಿ ಬಲ ಮತ್ತು ಬಲದ ದಿಕ್ಕಿನ ಪಲ್ಲಟದ ಗುಣಲಬ್ಧಕ್ಕೆ ಕೆಲಸ ಎಂಬ ಹೆಸರನ್ನು ಸ್ಥಿರಪಡಿಸಿದ್ದಲ್ಲದೆ, ಚಲನೆಯ ಶಕ್ತಿಯ ಸೂತ್ರಕ್ಕೆ ½ ಎಂಬ ಗುಣಕವನ್ನೂ ಸೇರಿಸಿದನು. ಪ್ರಚ್ಛನ್ನ ಶಕ್ತಿ ಎಂಬ ಪರಿಕಲ್ಪನೆಗೆ ಹೆಸರು ಕೊಟ್ಟವನು ಸ್ಕಾಟ್ಲೆಂಡಿನ ವಿಲಿಯಂ ರ‍್ಯಾಂಕಿನ್ (1853).

ರಚನೆ ಮತ್ತು ಪರಿಭಾಷೆ

ಯಾವ ಬಲವೂ ತಾಗದಿರುವಾಗ ಸ್ಪ್ರಿಂಗಿಗೆ ಇರುವ ಉದ್ದವನ್ನು ಸಹಜ ಉದ್ದ ಎನ್ನುತ್ತಾರೆ. ಸ್ಪ್ರಿಂಗನ್ನು ಎಳೆದಾಗ ಅಥವಾ ಅದುಮಿದಾಗ ಅದರ ಚಲಿಸುವ ತುದಿ ಸಹಜ ಉದ್ದದ ಸ್ಥಾನದಿಂದ ಎಷ್ಟು ದೂರ, ಯಾವ ದಿಕ್ಕಿನಲ್ಲಿ ಸರಿದಿದೆಯೆಂಬುದೇ ಅದರ ಸ್ಥಾನಪಲ್ಲಟ, ಸಂಕ್ಷೇಪವಾಗಿ ಪಲ್ಲಟ. ಪಲ್ಲಟಕ್ಕೆ ದಿಕ್ಕು ಇರುವುದರಿಂದ ಹಿಗ್ಗುವಿಕೆಯನ್ನು ಧನ ಚಿಹ್ನೆಯಿಂದಲೂ ಕುಗ್ಗುವಿಕೆಯನ್ನು ಋಣ ಚಿಹ್ನೆಯಿಂದಲೂ ಗುರುತಿಸುವುದು ವಾಡಿಕೆ. ದಿಮ್ಮಿ ನಡೆದ ಒಟ್ಟು ದಾರಿ ಇದಕ್ಕಿಂತ ಬೇರೆಯಾದ ಪರಿಮಾಣ. ಹಿಂದೆ ಮುಂದೆ ಆಡುವ ದಿಮ್ಮಿಯ ದಾರಿ ಬೆಳೆಯುತ್ತಲೇ ಹೋದರೂ ಪಲ್ಲಟ ಶೂನ್ಯಕ್ಕೆ ಮರಳಬಹುದು.

ಸ್ಪ್ರಿಂಗು ದಿಮ್ಮಿಯ ಮೇಲೆ ಹೇರುವ ಬಲ ಸದಾ ಸಹಜ ಸ್ಥಾನದ ಕಡೆಗೆ ಇರುವುದರಿಂದ ಅದಕ್ಕೆ ಪುನಃಸ್ಥಾಪಕ ಬಲ ಎಂದು ಹೆಸರು. ಬಲವನ್ನು ಬ, ಪಲ್ಲಟವನ್ನು ಪ ಎಂದು ಬರೆದರೆ ಹುಕ್ ನಿಯಮದ ರೂಪ ಇದು:

ಬ = −ಸ × ಪ

ಇಲ್ಲಿ ಸ ಎಂಬುದು ಸ್ಪ್ರಿಂಗ್ ಸ್ಥಿರಾಂಕ, ಅಂದರೆ ಸ್ಪ್ರಿಂಗನ್ನು ಒಂದು ಮೀಟರು ಹಿಗ್ಗಿಸಲು ಬೇಕಾಗುವ ಬಲದ ಅಳತೆ. ಅದರ ಏಕಮಾನ ನ್ಯೂಟನ್ ಪ್ರತಿ ಮೀಟರಿಗೆ. ಋಣ ಚಿಹ್ನೆ ಬಲವೂ ಪಲ್ಲಟವೂ ಎದುರುಬದುರು ದಿಕ್ಕಿನಲ್ಲಿವೆ ಎಂಬುದನ್ನಷ್ಟೇ ಸೂಚಿಸುತ್ತದೆ. ಸ್ಪ್ರಿಂಗಿಗೆ ದ್ರವ್ಯರಾಶಿಯೇ ಇಲ್ಲ, ಅದರೊಳಗೆ ಶಕ್ತಿ ವ್ಯರ್ಥವಾಗುವುದಿಲ್ಲ, ಎಷ್ಟು ಎಳೆದರೂ ಹುಕ್ ನಿಯಮ ಮುರಿಯುವುದಿಲ್ಲ ಎಂದು ಭಾವಿಸಿದಾಗ ಅದು ಆದರ್ಶ ಸ್ಪ್ರಿಂಗು. ಮುಂದಿನ ಸೂತ್ರಗಳಲ್ಲಿ ದಿಮ್ಮಿಯ ದ್ರವ್ಯರಾಶಿಗೆ ರ, ಗುರುತ್ವ ವೇಗೋತ್ಕರ್ಷಕ್ಕೆ ಗ, ನೆಲಕ್ಕೂ ದಿಮ್ಮಿಗೂ ನಡುವಿನ ಘರ್ಷಣಾಂಕಕ್ಕೆ ಘ ಎಂಬ ಚಿಹ್ನೆಗಳನ್ನು ಬಳಸಿದೆ. ಸಂಖ್ಯಾ ಉದಾಹರಣೆಗಳೆಲ್ಲವೂ ಒಂದೇ ಜೋಡಿಗೆ ಸಂಬಂಧಿಸಿವೆ: 2 ಕಿಲೋಗ್ರಾಂ ದಿಮ್ಮಿ, ಮೀಟರಿಗೆ 800 ನ್ಯೂಟನ್ ಸ್ಥಿರಾಂಕದ ಸ್ಪ್ರಿಂಗು.

ಕೆಲಸದ ಲೆಕ್ಕ

ಬಲ ಸ್ಥಿರವಾಗಿದ್ದರೆ ಕೆಲಸವೆಂದರೆ ಬಲ ಮತ್ತು ಬಲದ ದಿಕ್ಕಿನ ಪಲ್ಲಟ ಇವುಗಳ ಗುಣಲಬ್ಧ. ಸ್ಪ್ರಿಂಗಿನ ಬಲ ಹೆಜ್ಜೆಹೆಜ್ಜೆಗೂ ಬದಲಾಗುವುದರಿಂದ ಪಲ್ಲಟವನ್ನು ಅತಿ ಸಣ್ಣ ತುಣುಕುಗಳಾಗಿ ಒಡೆದು, ಒಂದೊಂದು ತುಣುಕಿನಲ್ಲೂ ಬಲ ಸ್ಥಿರವೆಂದು ಭಾವಿಸಿ ಕೆಲಸವನ್ನು ಎಣಿಸಿ, ಎಲ್ಲವನ್ನೂ ಕೂಡಿಸಬೇಕಾಗುತ್ತದೆ. ಈ ಕೂಡಿಕೆಯ ಗಣಿತವೇ ಅನುಕಲನ. ಬಲವನ್ನು ನೆಟ್ಟಗಿನ ಅಕ್ಷದಲ್ಲೂ ಪಲ್ಲಟವನ್ನು ಅಡ್ಡ ಅಕ್ಷದಲ್ಲೂ ಗುರುತಿಸಿ ನಕ್ಷೆ ಬರೆದರೆ ಅದು ಮೂಲಬಿಂದುವಿನಿಂದ ಹೊರಡುವ ಓರೆ ಸರಳರೇಖೆಯಾಗುತ್ತದೆ, ಕೆಲಸ ಆ ರೇಖೆಯ ಕೆಳಗಿನ ತ್ರಿಭುಜದ ವಿಸ್ತೀರ್ಣವಾಗುತ್ತದೆ. ತ್ರಿಭುಜದ ಪಾದ ಪ, ಎತ್ತರ ಸ × ಪ ಆದ್ದರಿಂದ ಸ್ಪ್ರಿಂಗನ್ನು ಸಹಜ ಸ್ಥಾನದಿಂದ ಪ ದೂರ ನಿಧಾನವಾಗಿ ಸರಿಸುವ ಹೊರಬಲದ ಕೆಲಸ

ಕೆಲಸ = ½ × ಸ × ಪ²

ಎಂದಾಗುತ್ತದೆ. ಬಲ ಶೂನ್ಯದಿಂದ ಆರಂಭವಾಗಿ ಸಮನಾಗಿ ಏರುವುದರಿಂದ ಅದರ ಸರಾಸರಿ ಬೆಲೆ ಕೊನೆಯ ಬೆಲೆಯ ಅರ್ಧದಷ್ಟಿರುತ್ತದೆ. ಸೂತ್ರದಲ್ಲಿ ½ ಬಂದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣವಿಲ್ಲ. ಉದಾಹರಣೆಯ ಸ್ಪ್ರಿಂಗನ್ನು 10 ಸೆಂಟಿಮೀಟರು ಅದುಮಿದಾಗ ಕೊನೆಯ ಬಲ 80 ನ್ಯೂಟನ್, ಸರಾಸರಿ ಬಲ 40 ನ್ಯೂಟನ್, ಕೆಲಸ 4 ಜೂಲ್.

ಕೆಲಸ ಪಲ್ಲಟದ ವರ್ಗವನ್ನು ಅವಲಂಬಿಸಿರುವುದರಿಂದ ಸಮಾನ ದೂರಗಳಿಗೆ ಸಮಾನ ಕೆಲಸ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಇದೇ ಸ್ಪ್ರಿಂಗಿಗೆ ಮೊದಲ 5 ಸೆಂಟಿಮೀಟರಿಗೆ 1 ಜೂಲ್ ಸಾಕು, ಅದರ ಮುಂದಿನ 5 ಸೆಂಟಿಮೀಟರಿಗೆ 3 ಜೂಲ್ ಬೇಕು. ಆದ್ದರಿಂದ ಆರಂಭದ ಪಲ್ಲಟ ಶೂನ್ಯವಾಗಿರದಿದ್ದಾಗ ಎರಡು ಪಲ್ಲಟಗಳ ವ್ಯತ್ಯಾಸವನ್ನು ವರ್ಗ ಮಾಡುವುದು ತಪ್ಪು. ಎರಡರ ವರ್ಗಗಳನ್ನು ಬೇರೆಬೇರೆಯಾಗಿ ಕಂಡು ಅವುಗಳ ವ್ಯತ್ಯಾಸವನ್ನು ತೆಗೆದುಕೊಳ್ಳಬೇಕು. ಸ್ಪ್ರಿಂಗಿನ ಬಲ ತಾನೇ ಮಾಡುವ ಕೆಲಸವನ್ನು ಈ ಕ್ರಮದಲ್ಲಿ ½ × ಸ × (ಆರಂಭದ ಪಲ್ಲಟ² − ಕೊನೆಯ ಪಲ್ಲಟ²) ಎಂದು ಬರೆಯುತ್ತಾರೆ. ದಿಮ್ಮಿ ಸಹಜ ಸ್ಥಾನದಿಂದ ದೂರ ಸರಿಯುವಾಗ ಈ ಕೆಲಸ ಋಣ, ಹತ್ತಿರ ಬರುವಾಗ ಧನ. ಹೊರಗಿನಿಂದ ಅದುಮುವ ಕೈಯ ಕೆಲಸವೂ ಸ್ಪ್ರಿಂಗಿನ ಕೆಲಸವೂ ಪರಿಮಾಣದಲ್ಲಿ ಸಮವಾಗಿ ಚಿಹ್ನೆಯಲ್ಲಿ ವಿರುದ್ಧವಾಗಿರುವುದು ದಿಮ್ಮಿಯ ಆರಂಭದ ಮತ್ತು ಕೊನೆಯ ಚಲನಶಕ್ತಿಗಳು ಒಂದೇ ಆಗಿದ್ದಾಗ, ಹಾಗೂ ಬೇರೆ ಯಾವ ಬಲವೂ ಕೆಲಸ ಮಾಡದಿದ್ದಾಗ ಮಾತ್ರ.

ಸ್ಪ್ರಿಂಗಿನ ಕೆಲಸ ಆರಂಭ ಮತ್ತು ಅಂತ್ಯದ ಸ್ಥಾನಗಳನ್ನಷ್ಟೇ ಅವಲಂಬಿಸಿದ್ದು, ನಡುವೆ ದಿಮ್ಮಿ ಎಷ್ಟು ಸಲ ಹಿಂದೆ ಮುಂದೆ ಹೋಯಿತೆಂಬುದನ್ನು ಅವಲಂಬಿಸಿಲ್ಲ. ಇಂಥ ಬಲಕ್ಕೆ ಸಂರಕ್ಷಕ ಬಲ ಎಂದು ಹೆಸರು. ಈ ಗುಣದಿಂದಾಗಿಯೇ ಅದುಮಿದ ಸ್ಪ್ರಿಂಗಿನಲ್ಲಿ ½ × ಸ × ಪ² ದಷ್ಟು ಪ್ರಚ್ಛನ್ನ ಶಕ್ತಿ ಕೂಡಿಟ್ಟಿದೆ ಎಂದು ಹೇಳಲು ಸಾಧ್ಯವಾಗುತ್ತದೆ. ನುಣುಪಾದ ನೆಲದ ಮೇಲೆ 10 ಸೆಂಟಿಮೀಟರು ಅದುಮಿ ಬಿಟ್ಟ ಉದಾಹರಣೆಯ ದಿಮ್ಮಿ ಸಹಜ ಸ್ಥಾನವನ್ನು ಹಾದುಹೋಗುವಾಗ ಆ 4 ಜೂಲ್ ಪೂರ್ಣವಾಗಿ ಚಲನಶಕ್ತಿಯಾಗಿ, ಸೆಕೆಂಡಿಗೆ 2 ಮೀಟರು ವೇಗವನ್ನು ಕೊಡುತ್ತದೆ.

ಪಲ್ಲಟದ ಲೆಕ್ಕ

ಪಲ್ಲಟವನ್ನು ಕಂಡುಹಿಡಿಯಲು ಎರಡು ದಾರಿಗಳಿವೆ. ಬಲಗಳು ಸರಿದೂಗುವ ಸ್ಥಾನವನ್ನು ಹುಡುಕುವುದು ಒಂದು. ಕೆಲಸ ಮತ್ತು ಶಕ್ತಿಯ ಜಮಾಖರ್ಚನ್ನು ಹೊಂದಿಸುವುದು ಇನ್ನೊಂದು. ಇವೆರಡೂ ಬೇರೆಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ ಎಂಬುದನ್ನು ಮರೆಯುವುದೇ ಈ ವಿಷಯದಲ್ಲಿ ಕಂಡುಬರುವ ತಪ್ಪುಗಳಲ್ಲಿ ದೊಡ್ಡದು.

ನುಣುಪಾದ ನೆಲದ ಮೇಲೆ ನಿಂತ ದಿಮ್ಮಿಯನ್ನು ಸ್ಥಿರವಾದ ಬ ಬಲದಿಂದ ಎಳೆಯಲಾರಂಭಿಸಿದರೆ, ಹೊರಬಲವೂ ಸ್ಪ್ರಿಂಗಿನ ಬಲವೂ ಸಮನಾಗುವ ಸ್ಥಾನ ಬ ÷ ಸ. ಆದರೆ ದಿಮ್ಮಿ ಅಲ್ಲಿಗೆ ತಲುಪುವಾಗ ಅದಕ್ಕೆ ವೇಗವಿರುತ್ತದೆ, ಆ ವೇಗ ಅದನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಗರಿಷ್ಠ ಪಲ್ಲಟದಲ್ಲಿ ವೇಗ ಕ್ಷಣಕಾಲ ಶೂನ್ಯವಾಗುವುದರಿಂದ ಅಲ್ಲಿ ಹೊರಬಲದ ಒಟ್ಟು ಕೆಲಸ ಬ × ಪ ಪೂರ್ತಿಯಾಗಿ ಸ್ಪ್ರಿಂಗಿನ ಶಕ್ತಿಗೆ ಸಮನಾಗಿರಬೇಕು. ಹಾಗೆ ಸಮೀಕರಿಸಿದಾಗ ಗರಿಷ್ಠ ಪಲ್ಲಟ 2 × ಬ ÷ ಸ ಎಂದು, ಅಂದರೆ ಸಮತೋಲ ಸ್ಥಾನದ ಎರಡರಷ್ಟೆಂದು ಸಿಗುತ್ತದೆ. ಉದಾಹರಣೆಯ ಜೋಡಿಯಲ್ಲಿ 40 ನ್ಯೂಟನ್ ಬಲ ದಿಮ್ಮಿಯನ್ನು 5 ಸೆಂಟಿಮೀಟರಿನಷ್ಟು ಸರಿಸುವ ಹೊತ್ತಿಗೆ 2 ಜೂಲ್ ಕೆಲಸ ಮಾಡಿರುತ್ತದೆ; ಅದರಲ್ಲಿ 1 ಜೂಲ್ ಸ್ಪ್ರಿಂಗಿನಲ್ಲಿ ಸೇರಿ, ಉಳಿದ 1 ಜೂಲ್ ಸೆಕೆಂಡಿಗೆ 1 ಮೀಟರು ವೇಗವಾಗಿ ದಿಮ್ಮಿಯಲ್ಲಿರುತ್ತದೆ. 10 ಸೆಂಟಿಮೀಟರು ಮುಟ್ಟಿದಾಗ ಹೊರಬಲದ ಕೆಲಸ 4 ಜೂಲ್ ಆಗಿ, ಅಷ್ಟೂ ಸ್ಪ್ರಿಂಗಿನಲ್ಲಿರುತ್ತದೆ. ಆಗ ಸ್ಪ್ರಿಂಗು ಹಿಂದಕ್ಕೆ ಎಳೆಯುವ ಬಲ 80 ನ್ಯೂಟನ್ ಆದ್ದರಿಂದ ದಿಮ್ಮಿ ಅಲ್ಲಿ ನಿಲ್ಲದೆ ಮರಳುತ್ತದೆ.

ಚಾವಣಿಯಿಂದ ತೂಗುವ ಸ್ಪ್ರಿಂಗಿಗೂ ಇದೇ ವಿವೇಚನೆ ಅನ್ವಯಿಸುತ್ತದೆ, ಹೊರಬಲದ ಬದಲು ದಿಮ್ಮಿಯ ತೂಕ ಬರುತ್ತದೆ. ದಿಮ್ಮಿಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಇಳಿಸಿದರೆ ಅದು ರ × ಗ ÷ ಸ ಎಂಬಲ್ಲಿ, ಉದಾಹರಣೆಯಲ್ಲಿ 2.45 ಸೆಂಟಿಮೀಟರು ಕೆಳಗೆ, ನಿಲ್ಲುತ್ತದೆ. ಥಟ್ಟನೆ ಬಿಟ್ಟರೆ 4.9 ಸೆಂಟಿಮೀಟರಿನವರೆಗೆ ಇಳಿದು ಮೇಲಕ್ಕೇರುತ್ತದೆ. ಮೆಲ್ಲಗೆ ಇಳಿಸಿದಾಗ ಗುರುತ್ವದ ಕೆಲಸ ಸುಮಾರು 0.48 ಜೂಲ್, ಸ್ಪ್ರಿಂಗಿನಲ್ಲಿ ಸೇರಿದ್ದು 0.24 ಜೂಲ್ ಮಾತ್ರ. ಉಳಿದ ಅರ್ಧ ಕಳೆದುಹೋಗಿಲ್ಲ. ಇಳಿಸುವ ಕೈ ಮೇಲ್ಮುಖವಾಗಿ ಬಲ ಹಾಕುತ್ತ ಕೆಳಮುಖವಾಗಿ ಸರಿದದ್ದರಿಂದ ಅದರ ಕೆಲಸ ಋಣವಾಗಿ, ಅಷ್ಟು ಶಕ್ತಿಯನ್ನು ಅದೇ ಹೀರಿಕೊಂಡಿರುತ್ತದೆ. ತಕ್ಕಡಿಯ ತಟ್ಟೆಯಂಥ ಹಲಗೆಯುಳ್ಳ ನೆಟ್ಟಗಿನ ಸ್ಪ್ರಿಂಗಿನ ಮೇಲೆ ದಿಮ್ಮಿಯನ್ನು ಎತ್ತರದಿಂದ ಬೀಳಿಸಿದಾಗ, ಬಿದ್ದ ಎತ್ತರಕ್ಕೆ ಕುಗ್ಗುವಿಕೆಯನ್ನೂ ಕೂಡಿಸಿ ಗುರುತ್ವದ ಕೆಲಸವನ್ನು ಎಣಿಸಬೇಕಾದ್ದರಿಂದ ವರ್ಗ ಸಮೀಕರಣ ಒದಗುತ್ತದೆ. ಹಲಗೆಯ ದ್ರವ್ಯರಾಶಿಯನ್ನು ಕಡೆಗಣಿಸಿದರೆ 20 ಸೆಂಟಿಮೀಟರು ಎತ್ತರದಿಂದ ಬಿದ್ದ 2 ಕಿಲೋಗ್ರಾಂ ದಿಮ್ಮಿ ಸ್ಪ್ರಿಂಗನ್ನು ಸುಮಾರು 12.6 ಸೆಂಟಿಮೀಟರು ಕುಗ್ಗಿಸುತ್ತದೆ, ಅಂದರೆ ತೂಕದಿಂದ ಮಾತ್ರ ಆಗುವ ಕುಗ್ಗುವಿಕೆಯ ಐದು ಪಟ್ಟಿಗಿಂತಲೂ ಹೆಚ್ಚು. ಸೇತುವೆ, ಎತ್ತುಗ ಮತ್ತು ಲಿಫ್ಟುಗಳ ವಿನ್ಯಾಸದಲ್ಲಿ ಹಠಾತ್ತಾಗಿ ಬೀಳುವ ಹೊರೆಗೆ ನಿಂತ ಹೊರೆಗಿಂತ ಬಹಳ ಹೆಚ್ಚಿನ ಎಚ್ಚರಿಕೆ ವಹಿಸುವುದರ ಹಿಂದಿನ ಗಣಿತ ಇದೇ.

ಘರ್ಷಣೆಯಿರುವ ವ್ಯವಸ್ಥೆ

ಒರಟು ನೆಲದ ಮೇಲೆ ಘರ್ಷಣೆಯ ಬಲ ಚಲನೆಗೆ ಸದಾ ಎದುರಾಗಿರುವುದರಿಂದ ಅದರ ಕೆಲಸ ಯಾವಾಗಲೂ ಋಣ, ಮತ್ತು ಅದು ಪಲ್ಲಟವನ್ನಲ್ಲ, ನಡೆದ ದಾರಿಯನ್ನು ಅವಲಂಬಿಸಿದೆ. ದಾರಿ ಮತ್ತು ಪಲ್ಲಟಗಳ ವ್ಯತ್ಯಾಸ ಅತ್ಯಂತ ಸ್ಪಷ್ಟವಾಗುವುದು ಇಲ್ಲಿಯೇ ಆದ್ದರಿಂದ ಒಂದು ಉದಾಹರಣೆಯನ್ನು ಪೂರ್ಣವಾಗಿ ನೋಡುವುದು ಉಪಯುಕ್ತ. ಘರ್ಷಣಾಂಕ 0.25, ನಿಂತಾಗಲೂ ಚಲಿಸುವಾಗಲೂ ಅದು ಒಂದೇ ಎಂದಿಟ್ಟುಕೊಂಡರೆ, ಉದಾಹರಣೆಯ ದಿಮ್ಮಿಯ ಮೇಲಿನ ಘರ್ಷಣಾಬಲ 4.9 ನ್ಯೂಟನ್. ಸ್ಪ್ರಿಂಗಿಗೆ ಅಂಟಿಸಿದ ದಿಮ್ಮಿಯನ್ನು 10 ಸೆಂಟಿಮೀಟರು ಅದುಮಿ ಬಿಟ್ಟಾಗ ಅದು ಸಹಜ ಸ್ಥಾನವನ್ನು ದಾಟಿ ಆಚೆ ಬದಿಯಲ್ಲಿ ಎಷ್ಟು ದೂರ ಹೋಗುತ್ತದೆಂಬುದನ್ನು ಶಕ್ತಿಯ ಲೆಕ್ಕದಿಂದ ಕಂಡರೆ, ಪ್ರತಿ ಅರ್ಧ ಆಂದೋಲನಕ್ಕೂ ಪಾರ, ಅಂದರೆ ಸಹಜ ಸ್ಥಾನದಿಂದ ಹೋಗುವ ಗರಿಷ್ಠ ದೂರ, 2 × ಘ × ರ × ಗ ÷ ಸ ದಷ್ಟು ಕಡಿಮೆಯಾಗುವುದು ತಿಳಿಯುತ್ತದೆ. ಇಲ್ಲಿ ಅದು 1.225 ಸೆಂಟಿಮೀಟರು. ಆದ್ದರಿಂದ ಪಾರಗಳು ಕ್ರಮವಾಗಿ 10, 8.775, 7.55, 6.325 ಸೆಂಟಿಮೀಟರು ಎಂದು ಸಮಾಂತರ ಶ್ರೇಢಿಯಲ್ಲಿ ಇಳಿಯುತ್ತವೆ. ಗಾಳಿ ಅಥವಾ ಎಣ್ಣೆಯಂಥ ದ್ರವ್ಯದಲ್ಲಿ ವೇಗಕ್ಕೆ ಅನುಪಾತವಾದ ತಡೆಯಿಂದ ಆಗುವ ಇಳಿಕೆಯಾದರೆ ಗುಣೋತ್ತರ ಶ್ರೇಢಿಯಲ್ಲಿರುತ್ತದೆ.

ಎಂಟನೆಯ ಅರ್ಧ ಆಂದೋಲನದ ಕೊನೆಗೆ ದಿಮ್ಮಿ ಸಹಜ ಸ್ಥಾನದಿಂದ 0.2 ಸೆಂಟಿಮೀಟರು ಈಚೆಗೆ, ಹೊರಟ ಬದಿಯಲ್ಲಿಯೇ, ಕ್ಷಣಕಾಲ ನಿಲ್ಲುತ್ತದೆ. ಅಲ್ಲಿ ಸ್ಪ್ರಿಂಗಿನ ಬಲ 1.6 ನ್ಯೂಟನ್ ಮಾತ್ರ, ಘರ್ಷಣೆ 4.9 ನ್ಯೂಟನ್ ವರೆಗೆ ತಡೆಯಬಲ್ಲದಾದ್ದರಿಂದ ದಿಮ್ಮಿ ಮತ್ತೆ ಕದಲುವುದಿಲ್ಲ. ಇಷ್ಟರಲ್ಲಿ ಅದು ನಡೆದ ದಾರಿ 81.6 ಸೆಂಟಿಮೀಟರು, ಹೊರಟ ಜಾಗದಿಂದ ಆದ ಪಲ್ಲಟ 9.8 ಸೆಂಟಿಮೀಟರು. ಸ್ಪ್ರಿಂಗು ಮಾಡಿದ ಒಟ್ಟು ಕೆಲಸ 10 ಮತ್ತು 0.2 ಎಂಬ ಎರಡು ತುದಿಗಳಿಂದಲೇ ನಿರ್ಧಾರವಾಗಿ 3.9984 ಜೂಲ್ ಆಗುತ್ತದೆ, ಘರ್ಷಣೆಯ ಕೆಲಸ 4.9 ನ್ಯೂಟನನ್ನು 0.816 ಮೀಟರಿನಿಂದ ಗುಣಿಸಿದಾಗ ಅಷ್ಟೇ ಪರಿಮಾಣದ ಋಣ ಸಂಖ್ಯೆಯಾಗಿ ಬರುತ್ತದೆ. ಸ್ಪ್ರಿಂಗಿನಿಂದ ಹೊರಬಂದ ಶಕ್ತಿಯೆಲ್ಲ ನೆಲ ಮತ್ತು ದಿಮ್ಮಿಯ ಉಷ್ಣವಾಗಿ ಮಾರ್ಪಟ್ಟಿರುತ್ತದೆ. ದಿಮ್ಮಿ ಸಹಜ ಸ್ಥಾನದಲ್ಲೇ ನಿಲ್ಲಬೇಕೆಂದೇನೂ ಇಲ್ಲ. ಆ ಸ್ಥಾನದ ಎರಡೂ ಬದಿಗೆ ಘ × ರ × ಗ ÷ ಸ ಅಗಲದ, ಇಲ್ಲಿ ಸುಮಾರು 0.61 ಸೆಂಟಿಮೀಟರಿನ, ಪಟ್ಟಿಯೊಳಗೆ ಅದು ಎಲ್ಲಿ ಬೇಕಾದರೂ ನೆಲೆಗೊಳ್ಳಬಹುದು.

ಪ್ರಕಾರಗಳು

ಎರಡು ಸ್ಪ್ರಿಂಗುಗಳನ್ನು ಒಂದರ ತುದಿಗೆ ಒಂದು ಕಟ್ಟಿದರೆ ಅದು ಸರಣಿ ಜೋಡಣೆ. ಎರಡರಲ್ಲೂ ಬಲ ಒಂದೇ, ಹಿಗ್ಗುವಿಕೆಗಳು ಕೂಡುತ್ತವೆ, ಒಟ್ಟು ಸ್ಥಿರಾಂಕ ಕಡಿಮೆಯಾಗುತ್ತದೆ, ಮತ್ತು ಹೆಚ್ಚು ಶಕ್ತಿ ಸೇರುವುದು ಮೆದು ಸ್ಪ್ರಿಂಗಿನಲ್ಲಿ. ಅಕ್ಕಪಕ್ಕ ಕಟ್ಟಿದರೆ ಸಮಾಂತರ ಜೋಡಣೆ. ಪಲ್ಲಟ ಒಂದೇ, ಬಲಗಳೂ ಸ್ಥಿರಾಂಕಗಳೂ ಕೂಡುತ್ತವೆ, ಹೆಚ್ಚು ಶಕ್ತಿ ಬಿಗಿ ಸ್ಪ್ರಿಂಗಿಗೆ ಹೋಗುತ್ತದೆ. ಒಂದು ಸ್ಪ್ರಿಂಗನ್ನು ನಡುವೆ ಕತ್ತರಿಸಿದರೆ ಪ್ರತಿ ತುಂಡಿನ ಸ್ಥಿರಾಂಕ ಇಮ್ಮಡಿಯಾಗುತ್ತದೆ.

ಎರಡು ತುದಿಗಳಿಗೂ ದಿಮ್ಮಿಗಳಿರುವ ವ್ಯವಸ್ಥೆ ಇವುಗಳಿಗಿಂತ ಸೂಕ್ಷ್ಮವಾದದ್ದು. ಅಲ್ಲಿ ಸ್ಪ್ರಿಂಗು ಎರಡು ದಿಮ್ಮಿಗಳ ಮೇಲೂ ಕೆಲಸ ಮಾಡುತ್ತದೆ. ಒಂದೊಂದರ ಮೇಲಿನ ಕೆಲಸ ನೋಡುವವರ ಚೌಕಟ್ಟಿನೊಂದಿಗೆ ಬದಲಾದರೂ ಎರಡರ ಮೊತ್ತ ಹಿಗ್ಗುವಿಕೆಯನ್ನಷ್ಟೇ ಅವಲಂಬಿಸಿ ಎಲ್ಲ ಚೌಕಟ್ಟುಗಳಲ್ಲೂ ಒಂದೇ ಆಗಿರುತ್ತದೆ. ಒರಟು ನೆಲದ ಮೇಲೆ ಸಹಜ ಉದ್ದದ ಸ್ಪ್ರಿಂಗಿನಿಂದ ಜೋಡಿಸಿದ ಎರಡು ದಿಮ್ಮಿಗಳಲ್ಲಿ ಮೊದಲನೆಯದನ್ನು ಸ್ಥಿರ ಬಲದಿಂದ ಎಳೆದು ಎರಡನೆಯದನ್ನು ಕದಲಿಸಲು ಬೇಕಾದ ಕನಿಷ್ಠ ಬಲ ಎಷ್ಟು ಎಂಬುದು ಪ್ರಸಿದ್ಧ ಪ್ರಶ್ನೆ. ಎರಡರ ಘರ್ಷಣೆಗಳನ್ನು ಕೂಡಿಸಿ ಘ × ಗ × (ರ₁ + ರ₂) ಎಂದುಬಿಡುವುದು ಸಹಜ, ಆದರೆ ತಪ್ಪು. ಮೊದಲ ದಿಮ್ಮಿ ವೇಗ ಪಡೆದು ಸಮತೋಲ ಸ್ಥಾನವನ್ನು ದಾಟುವುದರಿಂದ ಸ್ಪ್ರಿಂಗಿನ ಗರಿಷ್ಠ ಬಲ ಅದನ್ನು ಎಳೆಯುವ ನಿವ್ವಳ ಬಲದ ಎರಡರಷ್ಟಾಗುತ್ತದೆ. ಆ ಗರಿಷ್ಠ ಬಲ ಎರಡನೆಯ ದಿಮ್ಮಿಯ ಘರ್ಷಣೆಗೆ ಸಮನಾದರೆ ಸಾಕು. ಆದ್ದರಿಂದ ಸರಿಯಾದ ಉತ್ತರ ಘ × ಗ × (ರ₁ + ½ × ರ₂), ಮತ್ತು ಸ್ಪ್ರಿಂಗಿನ ಸ್ಥಿರಾಂಕ ಉತ್ತರದಲ್ಲಿ ಬರುವುದೇ ಇಲ್ಲ. ಬಲವನ್ನು ಶೂನ್ಯದಿಂದ ಬಹು ನಿಧಾನವಾಗಿ ಏರಿಸಿದರೆ ಮಾತ್ರ ಮೊದಲಿನ ಉತ್ತರ ಸರಿಯಾಗುತ್ತದೆ.

ಆದರ್ಶ ಸ್ಪ್ರಿಂಗು ಮತ್ತು ನಿಜವಾದ ಸ್ಪ್ರಿಂಗು

ಸುರುಳಿ ಸ್ಪ್ರಿಂಗನ್ನು ಎಳೆದಾಗ ಅದರ ತಂತಿ ಉದ್ದವಾಗುವುದು ಅತ್ಯಲ್ಪ. ಮುಖ್ಯವಾಗಿ ಅದು ತಿರುಚಿಕೊಳ್ಳುತ್ತದೆ. ಆದ್ದರಿಂದ ಸ್ಥಿರಾಂಕ ನಿರ್ಧಾರವಾಗುವುದು ಲೋಹದ ತಿರುಚು ಬಿಗಿತದಿಂದ: ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಲೋಮವಾಗಿ, ಸುರುಳಿಯ ವ್ಯಾಸದ ಘನಕ್ಕೂ ಸುತ್ತುಗಳ ಸಂಖ್ಯೆಗೂ ವಿಲೋಮವಾಗಿ ಅದು ಬದಲಾಗುತ್ತದೆ. ತಂತಿ ಶೇಕಡ 10ರಷ್ಟು ದಪ್ಪವಾದರೆ ಬಿಗಿತ ಶೇಕಡ 46ರಷ್ಟು ಏರುತ್ತದೆ. 2 ಮಿಲಿಮೀಟರು ದಪ್ಪದ ಉಕ್ಕಿನ ತಂತಿಯನ್ನು 20 ಮಿಲಿಮೀಟರು ಸರಾಸರಿ ವ್ಯಾಸದ 25 ಸುತ್ತುಗಳಾಗಿ ಸುತ್ತಿದರೆ ಈ ಲೇಖನದ ಉದಾಹರಣೆಯ 800 ನ್ಯೂಟನ್ ಪ್ರತಿ ಮೀಟರಿನ ಸ್ಪ್ರಿಂಗು ಸಿಗುತ್ತದೆ. ಆ ಸುತ್ತುಗಳು ಒಂದಕ್ಕೊಂದು ತಾಗಿ ಕೂತಾಗಲೇ 5 ಸೆಂಟಿಮೀಟರು ಎತ್ತರವಿರುವುದರಿಂದ, ಅದನ್ನು 10 ಸೆಂಟಿಮೀಟರು ಅದುಮಬೇಕಾದರೆ ಸಹಜ ಉದ್ದ 15 ಸೆಂಟಿಮೀಟರಿಗಿಂತ ಹೆಚ್ಚಿರಲೇಬೇಕು. ಕಾಗದದ ಮೇಲಿನ ಲೆಕ್ಕ ಕಾಣದ ಮಿತಿ ಇದು.

ಹಿಗ್ಗುವಿಕೆ ಒಂದು ಎಲ್ಲೆಯನ್ನು ಮೀರಿದರೆ ಲೋಹ ಶಾಶ್ವತವಾಗಿ ವಿರೂಪಗೊಳ್ಳುತ್ತದೆ. ಆ ಎಲ್ಲೆಗೆ ಸ್ಥಿತಿಸ್ಥಾಪಕ ಮಿತಿ ಎನ್ನುತ್ತಾರೆ. ರಬ್ಬರಿನಲ್ಲಿ ಎಳೆಯುವ ದಾರಿಯ ನಕ್ಷೆಗೂ ಬಿಡುವ ದಾರಿಯ ನಕ್ಷೆಗೂ ನಡುವೆ ಉಳಿಯುವ ವಿಸ್ತೀರ್ಣ ಪ್ರತಿ ಸುತ್ತಿಗೂ ಉಷ್ಣವಾಗುವ ಶಕ್ತಿಯನ್ನು ತೋರಿಸುತ್ತದೆ. ಸ್ಪ್ರಿಂಗಿನ ಸ್ವಂತ ದ್ರವ್ಯರಾಶಿಯನ್ನು ಕಡೆಗಣಿಸಲಾಗದಿದ್ದಾಗ, ಅದು ದಿಮ್ಮಿಗಿಂತ ಸಾಕಷ್ಟು ಹಗುರಾಗಿದ್ದರೆ, ಅದರ ಮೂರನೆಯ ಒಂದು ಪಾಲನ್ನು ದಿಮ್ಮಿಯ ದ್ರವ್ಯರಾಶಿಗೆ ಸೇರಿಸಿ ಆಂದೋಲನದ ಅವಧಿಯನ್ನು ಎಣಿಸುವುದು ರೂಢಿ.

ಉಪಯೋಗಗಳು

ಸ್ಪ್ರಿಂಗ್ ತಕ್ಕಡಿ ಪಲ್ಲಟವನ್ನು ಬಲವಾಗಿ ಓದುವ ಸಾಧನ. ವಾಹನಗಳ ಮತ್ತು ರೈಲು ಬೋಗಿಗಳ ಸ್ಪ್ರಿಂಗುಗಳು ರಸ್ತೆಯ ಅಥವಾ ಹಳಿಯ ಹೊಡೆತದ ಶಕ್ತಿಯನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುತ್ತವೆ, ಜೊತೆಗಿರುವ ಶಾಕ್ ಅಬ್ಸಾರ್ಬರ್ ಅದನ್ನು ಉಷ್ಣವಾಗಿಸುತ್ತದೆ; ಭಾರತೀಯ ರೈಲ್ವೆಗೆ ಬೇಕಾದ ಸುರುಳಿ ಸ್ಪ್ರಿಂಗುಗಳನ್ನು ತಯಾರಿಸುವ ಕಾರ್ಖಾನೆ ಗ್ವಾಲಿಯರ್ ಬಳಿಯ ಸಿಥೌಲಿಯಲ್ಲಿದೆ. ಕೀಲಿ ಕೊಡುವ ಕೈಗಡಿಯಾರದಲ್ಲಿ ಬೆರಳು ಮಾಡಿದ ಕೆಲಸ ಮುಖ್ಯ ಸ್ಪ್ರಿಂಗಿನಲ್ಲಿ ಕೂಡಿದ್ದು ಮುಳ್ಳುಗಳನ್ನು ನಡೆಸುತ್ತದೆ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್.ಎಂ.ಟಿ. ಕಾರ್ಖಾನೆಯ ಹೆಸರಾಂತ ಗಡಿಯಾರಗಳಲ್ಲಿ ಬಹುಪಾಲು ಈ ಬಗೆಯವು.

ತೂಕವೇ ತೋರದ ಬಾಹ್ಯಾಕಾಶದಲ್ಲಿ ಗಗನಯಾತ್ರಿಯ ದ್ರವ್ಯರಾಶಿಯನ್ನು ಅಳೆಯಲು ಅವನನ್ನು ಸ್ಪ್ರಿಂಗಿಗೆ ಕಟ್ಟಿದ ಕುರ್ಚಿಯಲ್ಲಿ ಕೂರಿಸಿ ಆಂದೋಲನದ ಅವಧಿಯನ್ನು ನೋಡುವ ವಿಧಾನವನ್ನು 1973ರಲ್ಲಿ ಸ್ಕೈಲ್ಯಾಬ್ ನಿಲ್ದಾಣದಲ್ಲಿ ಬಳಸಲಾಯಿತು. ಅಣುಗಳ ಕಂಪನವನ್ನು ವಿವರಿಸುವಾಗಲೂ ರಸಾಯನಶಾಸ್ತ್ರಜ್ಞರು ಪರಮಾಣುಗಳನ್ನು ದಿಮ್ಮಿಗಳಾಗಿಯೂ ಬಂಧವನ್ನು ಸ್ಪ್ರಿಂಗಾಗಿಯೂ ಭಾವಿಸುತ್ತಾರೆ. ಹೈಡ್ರೋಜನ್ ಕ್ಲೋರೈಡ್ ಅಣುವಿನ ಬಂಧದ ಸ್ಥಿರಾಂಕ ಮೀಟರಿಗೆ ಸುಮಾರು 480 ನ್ಯೂಟನ್, ಅಂದರೆ ಬರಿಗೈಯಿಂದ ಎಳೆಯಬಹುದಾದ ಸಾಧಾರಣ ಉಕ್ಕಿನ ಸ್ಪ್ರಿಂಗಿನ ಮಟ್ಟದ್ದೇ.

ಇಂದಿನ ಸ್ಥಿತಿ

ಕರ್ನಾಟಕದ ಪದವಿಪೂರ್ವ ಭೌತಶಾಸ್ತ್ರ ಪಠ್ಯದಲ್ಲಿ ಕೆಲಸ ಮತ್ತು ಶಕ್ತಿಯ ಅಧ್ಯಾಯದಲ್ಲೂ ಆಂದೋಲನಗಳ ಅಧ್ಯಾಯದಲ್ಲೂ ಈ ವ್ಯವಸ್ಥೆಗೆ ಸ್ಥಾನವಿದೆ. ತಂತ್ರಜ್ಞಾನದಲ್ಲಿ ಅದರ ಗಾತ್ರ ಬಹಳ ಕುಗ್ಗಿದೆ: ಮೊಬೈಲ್ ಫೋನಿನ ಪರದೆಯನ್ನು ಅಡ್ಡಕ್ಕೂ ನೆಟ್ಟಗೂ ತಿರುಗಿಸುವ ವೇಗೋತ್ಕರ್ಷ ಮಾಪಕದಲ್ಲಿ ಸಿಲಿಕಾನಿನ ಸಣ್ಣ ತುಣುಕೊಂದು ಸಿಲಿಕಾನಿನದೇ ಸ್ಪ್ರಿಂಗುಗಳಿಂದ ತೂಗುತ್ತಿದ್ದು, ಅದರ ಅತ್ಯಲ್ಪ ಪಲ್ಲಟವನ್ನು ವಿದ್ಯುತ್ ಧಾರಕತೆಯ ಬದಲಾವಣೆಯಿಂದ ಅಳೆಯಲಾಗುತ್ತದೆ. 1986ರಲ್ಲಿ ಬಿನ್ನಿಗ್, ಕ್ವೇಟ್ ಮತ್ತು ಗರ್ಬರ್ ಪ್ರಕಟಿಸಿದ ಪರಮಾಣು ಬಲ ಸೂಕ್ಷ್ಮದರ್ಶಕದಲ್ಲಿ ಅತಿ ಮೆದುವಾದ ಚಾಚುಪಟ್ಟಿಯೇ ಸ್ಪ್ರಿಂಗು. ಅದು ಬಾಗಿದ ಪ್ರಮಾಣದಿಂದ ಮೇಲ್ಮೈಯ ಪರಮಾಣುಗಳು ಹೇರುವ ಬಲ ತಿಳಿಯುತ್ತದೆ. 2015ರಲ್ಲಿ ಗುರುತ್ವ ಅಲೆಗಳನ್ನು ಮೊದಲ ಬಾರಿಗೆ ಪತ್ತೆ ಮಾಡಿದ ಲೈಗೋ ವೀಕ್ಷಣಾಲಯದ 40 ಕಿಲೋಗ್ರಾಂ ತೂಕದ ಕನ್ನಡಿಗಳನ್ನು ನೆಲದ ಕಂಪನದಿಂದ ಬೇರ್ಪಡಿಸುವ ತೂಗುವ್ಯವಸ್ಥೆಯಲ್ಲೂ ವಿಶೇಷ ಉಕ್ಕಿನ ಪಟ್ಟಿ ಸ್ಪ್ರಿಂಗುಗಳಿವೆ.

ಹುಕ್ ನಿಯಮಕ್ಕೆ ಸರಿಯಾಗಿ ಹೊಂದದ ಸ್ಪ್ರಿಂಗುಗಳ ಸರಪಳಿಯಲ್ಲಿ ಶಕ್ತಿ ಹೇಗೆ ಹಂಚಿಹೋಗುತ್ತದೆಂಬುದನ್ನು ಫರ್ಮಿ, ಪಾಸ್ತಾ, ಉಲಮ್ ಹಾಗೂ ಗಣನೆಯ ಕೆಲಸವನ್ನು ನಿರ್ವಹಿಸಿದ ಮೇರಿ ಸಿಂಗೌ ಅಮೆರಿಕದ ಲಾಸ್ ಅಲಾಮಸ್‌ನಲ್ಲಿ ಕಂಪ್ಯೂಟರಿನ ನೆರವಿನಿಂದ ಪರಿಶೀಲಿಸಿದರು. ಶಕ್ತಿ ಸಮನಾಗಿ ಹರಡುವ ಬದಲು ಹೆಚ್ಚುಕಡಿಮೆ ಆರಂಭದ ರೂಪಕ್ಕೇ ಮರಳುವುದನ್ನು ತಿಳಿಸಿದ ಅವರ 1955ರ ವರದಿ ಅರೇಖೀಯ ಚಲನೆಯ ಅಧ್ಯಯನಕ್ಕೆ ದಾರಿ ಮಾಡಿತು. ಭೂಕಂಪ ವಿಜ್ಞಾನದಲ್ಲಿ ಬರ‍್ರಿಜ್ ಮತ್ತು ನೋಪಾಫ್ 1967ರಲ್ಲಿ ಮಂಡಿಸಿದ ಮಾದರಿ ಒರಟು ನೆಲದ ಮೇಲೆ ಸ್ಪ್ರಿಂಗುಗಳಿಂದ ಪೋಣಿಸಿದ ದಿಮ್ಮಿಗಳ ಸಾಲು. ಸಾಲನ್ನು ಬಹು ನಿಧಾನವಾಗಿ ಎಳೆಯುತ್ತ ಹೋದಾಗ ಸ್ಪ್ರಿಂಗುಗಳಲ್ಲಿ ಶಕ್ತಿ ಕೂಡುತ್ತ ಬಂದು, ಯಾವುದೋ ಒಂದು ದಿಮ್ಮಿಯ ಮೇಲಿನ ಬಲ ಅದರ ಘರ್ಷಣೆಯನ್ನು ಮೀರಿದೊಡನೆ ಅದು ಜಾರುತ್ತದೆ. ಅದರ ಪಲ್ಲಟ ಅಕ್ಕಪಕ್ಕದ ಸ್ಪ್ರಿಂಗುಗಳ ಬಲವನ್ನು ಬದಲಿಸುವುದರಿಂದ ಕೆಲವೊಮ್ಮೆ ಜಾರಿಕೆ ಅಲ್ಲಿಗೇ ಮುಗಿಯುತ್ತದೆ, ಕೆಲವೊಮ್ಮೆ ಸಾಲಿನ ಉದ್ದಕ್ಕೂ ಹರಡುತ್ತದೆ. ಇಂಥ ಮಾದರಿಗಳ ಜಾರಿಕೆಗಳಲ್ಲಿ ಸಣ್ಣವು ಹೆಚ್ಚಾಗಿಯೂ ದೊಡ್ಡವು ವಿರಳವಾಗಿಯೂ ಇರುವ ಕ್ರಮ ನಿಜವಾದ ಭೂಕಂಪಗಳ ಗಾತ್ರಗಳ ಹಂಚಿಕೆಯನ್ನು ಹೋಲುವುದರಿಂದ, ಬಂಡೆಗಳ ಘರ್ಷಣೆಯ ಪ್ರಯೋಗಾಲಯ ಅಳತೆಗಳನ್ನು ಸೇರಿಸಿಕೊಂಡು ಅವುಗಳನ್ನು ತಿದ್ದುವ ಸಂಶೋಧನೆ ಮುಂದುವರಿದಿದೆ.